ಸರ್ ಎಂ.ವಿ. ಕೈಗೆ ಸಿಗದ ಕಾರು, ನಮ್ಮೂರಿನ ಕರೆಂಟ್ ಗಾಡಿ

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮ ಕಾಲೇಜಿನಲ್ಲಿ ಏನೇನು ನಡೆಯುತ್ತೆ ಅಂತ ನಿಮಗೆಲ್ಲ ಗೊತ್ತೇ ಇದೆ. ಮೈಸೂರು ಪೇಟ ತೊಟ್ಟ ಫೋಟೋಗೆ ಹಾರ, ಅತಿಥಿಗಳ ಭಾಷಣ, ಕೊನೆಗೆ ಉಪ್ಪಿಟ್ಟು, ಕೇಸರಿಬಾತು. ಭಾಷಣದಲ್ಲಿ ಬೀದಿದೀಪ ಬರುತ್ತೆ, ಎರಡು ಮೇಣದಬತ್ತಿ ಬರುತ್ತೆ, ರೈಲಿನ ಸರಪಳಿ ಎಳೆದ ಕಥೆಯೂ ಬರುತ್ತೆ. ಇವನ್ನೆಲ್ಲ ನಾವು ಪ್ರೈಮರಿ ಶಾಲೆಯಿಂದ ಕೇಳ್ತಾ ಬಂದಿದ್ದೀವಿ. ಅದಕ್ಕೇ ಈ ಸಲ ಕನ್ನಡ ಸಂಘದ ಸಂಚಿಕೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಬದುಕನ್ನು ಬರೆಯೋಕೆ ಕೂತಾಗ, ಅವರ ಕೈಗೆ ಸಿಗದೇ ಹೋದ ಒಂದು ಕೆಲಸವನ್ನೇ ಹಿಡಿದು ಹೊರಡೋಣ ಅನ್ನಿಸ್ತು. ಆ ಕೆಲಸ ಕಾರು ಕಾರ್ಖಾನೆ.

ಇದು ತಲೆಗೆ ಬಂದಿದ್ದು ಲೈಬ್ರರಿಯಲ್ಲಿ ಅಲ್ಲ, ತಿ. ನರಸೀಪುರದ ಸಂಗಮದ ಹತ್ತಿರ ಒಂದು ಟೀ ಅಂಗಡಿಯಲ್ಲಿ. ನಮ್ಮ ಗುಂಪಿನಲ್ಲಿ ನಂಜನಗೂಡಿನವರಿದ್ದೀವಿ, ನರಸೀಪುರದವರೂ ಇದ್ದೀವಿ. ನಮ್ಮಲ್ಲಿ ಒಬ್ಬನ ಅಪ್ಪಾಜಿ ಮೊಬೈಲಿನಲ್ಲೇ ಬುಕ್ ಮಾಡಿ ಕರೆಂಟ್ ಸ್ಕೂಟರ್ ತರಿಸಿದ್ರು. ಏಜೆಂಟ್ ಇಲ್ಲ, ಕಮಿಷನ್ ಇಲ್ಲ, ಕಂಪನಿಯಿಂದ ನೇರ ಮನೆಗೆ. ಮೊದಲ ಮಳೆಗಾಲದಲ್ಲೇ ಡಿಸ್‌ಪ್ಲೇ ಸತ್ತು ಹೋಯ್ತು. ಊರಲ್ಲಿ ಸರ್ವಿಸ್ ಇಲ್ಲ. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು 30 ಕಿಲೋಮೀಟರ್ ದೂರದ ಮೈಸೂರಿಗೆ ಹೊತ್ತೊಯ್ಯಬೇಕಾಯ್ತು. ಊರಲ್ಲಿ ಕೆಲವರು ಆಗಲೇ ತೀರ್ಪು ಕೊಟ್ಟುಬಿಟ್ರು: ಅಂಗಡಿ ಇಲ್ಲದವನ ಹತ್ರ ಗಾಡಿ ತಗೊಂಡ್ರೆ ಹೀಗೇ ಆಗೋದು, ಇಂಥ ಮಾರಾಟವನ್ನೇ ನಿಲ್ಲಿಸಬೇಕು ಅಂತ. ಅದಕ್ಕೆ ಎರಡೂ ಊರಿನ ಕರೆಂಟ್ ಗಾಡಿಯವರು ಒಂದು ಭಾನುವಾರ ಸೇರಿದ್ರು. ಹತ್ತು ಹನ್ನೆರಡು ಸ್ಕೂಟರು, ಎರಡು ಕಾರು. ನಾವೂ ಹೋಗಿದ್ವಿ. ಅಲ್ಲಿ ಏನಾಯ್ತು ಅನ್ನೋದನ್ನ ಕೊನೆಗೆ ಹೇಳ್ತೀವಿ. ಮೊದಲು ಸರ್ ಎಂ.ವಿ. ಹತ್ತಿರ ಬರೋಣ.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯ ಹುಡುಗ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಡ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರು ಕೊಟ್ಟರು. ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ 1903ರಲ್ಲಿ ಅವರ ಸ್ವಯಂಚಾಲಿತ ಗೇಟುಗಳು ಬಂದವು. ನೀರು ಒಂದು ಮಟ್ಟ ಮುಟ್ಟಿದರೆ ಗೇಟು ತಾನಾಗಿ ತೆರೆದುಕೊಳ್ಳುತ್ತೆ, ಇಳಿದರೆ ತಾನಾಗಿ ಮುಚ್ಚಿಕೊಳ್ಳುತ್ತೆ. ಇವತ್ತು ನಾವು ಕಂಟ್ರೋಲ್ ಸಿಸ್ಟಮ್ಸ್ ಪೇಪರಿನಲ್ಲಿ ಫೀಡ್‌ಬ್ಯಾಕ್ ಅಂತ ಓದೋದನ್ನೇ ಅವರು ಕಬ್ಬಿಣದ ಗೇಟಿನಲ್ಲಿ ಮಾಡಿ ತೋರಿಸಿದ್ರು.

1908ರಲ್ಲಿ ಬ್ರಿಟಿಷ್ ಸರ್ಕಾರದ ಕೆಲಸ ಬಿಟ್ಟರು. ಅದೇ ವರ್ಷ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿತ್ತು. ಊರನ್ನು ಪ್ರವಾಹದಿಂದ ಕಾಪಾಡುವ ಯೋಜನೆ ಮಾಡೋಕೆ ನಿಜಾಮರ ಸರ್ಕಾರ ಇವರನ್ನು ಕರೆಸಿಕೊಂಡಿತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಇಲ್ಲಿಂದ ಕಥೆ ನಮ್ಮ ಊರಿನ ಹತ್ತಿರಕ್ಕೆ ಬರುತ್ತೆ.

ಕನ್ನಂಬಾಡಿ ಕಟ್ಟೆ ಅಂದ ಕೂಡಲೇ ನಮಗೆ ಮಂಡ್ಯದ ಗದ್ದೆ ನೆನಪಾಗುತ್ತೆ. ಆದರೆ ಕಟ್ಟೆ ಕಟ್ಟೋಕೆ ಇನ್ನೊಂದು ದೊಡ್ಡ ಕಾರಣ ಕರೆಂಟು. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ತಯಾರಾಗ್ತಿತ್ತು, ಕೋಲಾರದ ಚಿನ್ನದ ಗಣಿಗೆ ಹೋಗ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳಿಗೆ ನೀರು ಸಾಲ್ತಿರಲಿಲ್ಲ. ಮೇಲುಗಡೆ ನೀರು ಹಿಡಿದಿಟ್ಟು ವರ್ಷವಿಡೀ ಒಂದೇ ಸಮ ಬಿಡಬೇಕಿತ್ತು. 1911ರಲ್ಲಿ ಕೆಲಸ ಶುರುವಾಯ್ತು. ಸಿಮೆಂಟಿನ ಬದಲು ಸುರ್ಕಿ ಗಾರೆ ಬಳಸಿದರು. ಆ ಕಟ್ಟೆ ಬಿಟ್ಟ ನೀರು ಶ್ರೀರಂಗಪಟ್ಟಣ ದಾಟಿ, ತಿರುಮಕೂಡಲಿನಲ್ಲಿ ನಂಜನಗೂಡಿನಿಂದ ಹರಿದು ಬರೋ ಕಪಿಲೆಯನ್ನು ಕೂಡಿಕೊಂಡು, ತಲಕಾಡಿನ ಪಕ್ಕದಲ್ಲಿ ಹಾದು ಶಿವನಸಮುದ್ರಕ್ಕೆ ಇಳಿಯುತ್ತೆ. ಅಂದ್ರೆ ಟೀ ಅಂಗಡಿಯಿಂದ ಅವತ್ತು ನಾವು ನೋಡ್ತಾ ಕೂತಿದ್ದ ನೀರು ಕರೆಂಟ್ ಆಗೋಕೆ ಹೊರಟಿದ್ದ ನೀರು. ಕನ್ನಂಬಾಡಿ ನೀರು ವರುಣಾ ನಾಲೆಯ ಮೂಲಕ ನಮ್ಮ ತಾಲೂಕುಗಳ ಹೊಲಕ್ಕೆ ಬಂದಿದ್ದು ಎಷ್ಟೋ ದಶಕಗಳ ನಂತರ. ಕರೆಂಟಿನ ನೀರು ಮಾತ್ರ ಆಗಿನಿಂದಲೂ ನಮ್ಮೂರ ಮುಂದೆಯೇ ಹರಿತಾ ಇದೆ.

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ಮಾಡಿದರು. ಆ ಹುದ್ದೆ ಒಪ್ಪಿಕೊಳ್ಳೋ ಮೊದಲು ತಾಯಿಯನ್ನೂ ನೆಂಟರನ್ನೂ ಕೂರಿಸಿಕೊಂಡು, ಯಾರೂ ಯಾರಿಗಾಗಿಯೂ ಶಿಫಾರಸು ತರಬಾರದು ಅಂತ ಒಪ್ಪಿಸಿದರಂತೆ. ಸರ್ಕಾರಕ್ಕೂ ಪ್ರಜೆಗೂ ನಡುವೆ ನೆಂಟರು ಏಜೆಂಟರಾಗೋದು ಅವರಿಗೆ ಬೇಕಿರಲಿಲ್ಲ. ಆರೇ ವರ್ಷದಲ್ಲಿ ಮೈಸೂರು ಬ್ಯಾಂಕ್, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಎಲ್ಲ ಬಂದವು.

ಒಂದು ವಿಷಯ ಮುಚ್ಚಿಡೋದು ಬೇಡ. ಸರ್ಕಾರಿ ಕೆಲಸದಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಡುವ ಮಾತು ಬಂದಾಗ ಅವರು ಒಪ್ಪಲಿಲ್ಲ. ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು, ಇವರು ದಿವಾನಗಿರಿ ಬಿಟ್ಟರು. ನಮ್ಮಲ್ಲಿ ಎಷ್ಟೋ ಜನ ಅದೇ ಮೀಸಲಾತಿಯ ಸೀಟಿನಲ್ಲಿ ಕೂತು ಈ ಲೇಖನ ಬರೀತಿದ್ದೀವಿ. ಅರ್ಹತೆ ಒಂದೇ ಸಾಕು ಅಂತ ಅವರು ನಂಬಿದ್ರು. ಬಾಗಿಲವರೆಗೆ ಬರೋಕೇ ಆಗದವರ ಲೆಕ್ಕ ಅದರಲ್ಲಿ ಇರಲಿಲ್ಲ. ಆ ವಿಷಯದಲ್ಲಿ ಮಹಾರಾಜರದ್ದೇ ಸರಿ ಅಂತ ನಮ್ಮ ಅಭಿಪ್ರಾಯ.

ಆದರೆ ಹುದ್ದೆ ಬಿಟ್ಟ ಮೇಲೂ ಹೊಣೆ ಬಿಡಲಿಲ್ಲ. ಅವರ ಕಾಲದಲ್ಲಿ ಶುರುವಾದ ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಮುಳುಗ್ತಿದ್ದಾಗ, 1923ರಲ್ಲಿ ಮತ್ತೆ ಬಂದು ಅದರ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿದರು. 1929ರವರೆಗೆ ನಿಂತು ಖರ್ಚು ಇಳಿಸಿ, ಸ್ಥಳೀಯರಿಗೆ ಕೆಲಸ ಕಲಿಸಿ ಕಾರ್ಖಾನೆಯನ್ನು ದಾರಿಗೆ ತಂದರು. ಅದಕ್ಕಾಗಿ ತಮಗೆ ಬರಬೇಕಿದ್ದ ಸಂಭಾವನೆ ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆಗೆ ಹೋಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಗಾಡಿ ಕೊಟ್ಟು ಕೈ ತೊಳ್ಕೊಂಡವರಲ್ಲ, ಕೆಟ್ಟಾಗ ಬಂದು ಸರ್ವಿಸ್ ಮಾಡಿಕೊಟ್ಟವರು.

ಈಗ ಕಾರಿನ ವಿಷಯ. ಆಗ ನಮ್ಮ ದೇಶದಲ್ಲಿ ಓಡ್ತಿದ್ದ ಕಾರು, ಲಾರಿ ಎಲ್ಲ ವಿದೇಶದ್ದೇ. ಫೋರ್ಡ್ ಕಂಪನಿ 1926ರಿಂದ, ಜನರಲ್ ಮೋಟಾರ್ಸ್ 1928ರಿಂದ ಇಲ್ಲಿ ಜೋಡಣೆ ಮಾಡ್ತಿದ್ದವು. ಬಿಡಿಭಾಗ ಹಡಗಿನಲ್ಲಿ ಬರ್ತಿತ್ತು, ಇಲ್ಲಿ ನಟ್ಟು ಬೋಲ್ಟು ಹಾಕಿ ಏಜೆಂಟರ ಮೂಲಕ ಮಾರ್ತಿದ್ರು. ಕೊಳ್ಳೋರು ನಾವು, ಮಾಡೋರು ಅವರು. ಎಪ್ಪತ್ತು ದಾಟಿದ್ದ ವಿಶ್ವೇಶ್ವರಯ್ಯನವರಿಗೆ ಇದು ಸಹಿಸಲಿಲ್ಲ. 1935ರಲ್ಲಿ ಹಡಗು ಹತ್ತಿ ಯುರೋಪ್, ಅಮೆರಿಕಗಳ ಕಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದರು. ವಾಪಸ್ ಬಂದು ಭಾರತದಲ್ಲೇ ಪೂರ್ತಿ ಕಾರು ತಯಾರಿಸುವ ಕಾರ್ಖಾನೆಯ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆ ನಿಂತರು.

ಬಾಂಬೆಯ ಕಾಂಗ್ರೆಸ್ ಸರ್ಕಾರ ಸಹಾಯಕ್ಕೆ ಮುಂದೆ ಬಂತು. 1939ರಲ್ಲಿ ಯುದ್ಧ ಶುರುವಾಗಿ ಆ ಸರ್ಕಾರ ರಾಜೀನಾಮೆ ಕೊಟ್ಟಿತು. ಆಮೇಲೆ ಕಾರ್ಖಾನೆಯನ್ನು ಬೆಂಗಳೂರಿಗೆ ತರೋಣ ಅಂತ ಮೈಸೂರು ಸಂಸ್ಥಾನದ ಹತ್ರ ಮಾತಾಯ್ತು. ದಿಲ್ಲಿಯ ಬ್ರಿಟಿಷ್ ಸರ್ಕಾರ ಕೈ ಜೋಡಿಸಲಿಲ್ಲ, ಮೈಸೂರು ಹಿಂದೆ ಸರಿಯಬೇಕಾಯ್ತು. ಅದೇ ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು, ಯಾಕಂದ್ರೆ ಯುದ್ಧಕ್ಕೆ ವಿಮಾನ ಬೇಕಿತ್ತು. ನಮ್ಮ ಜನಕ್ಕೆ ಕಾರು ಬೇಕು ಅಂತ ದಿಲ್ಲಿಗೆ ಅನ್ನಿಸಲಿಲ್ಲ. 1944ರಲ್ಲಿ ವಾಲ್‌ಚಂದ್ ಬಾಂಬೆಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದರು. ನಮ್ಮ ತಾತಂದಿರು ನೋಡಿದ ಪದ್ಮಿನಿ ಕಾರು ಮುಂದೆ ಬಂದಿದ್ದು ಅಲ್ಲಿಂದಲೇ. ಬೆಂಗಳೂರಿನ ಕಾರು ಕಾಗದದ ಮೇಲೇ ಉಳೀತು.

ಲೆಕ್ಕ ಸರಿಯಿತ್ತು, ದುಡ್ಡು ಹಾಕೋರಿದ್ರು, ಸಂಸ್ಥಾನಕ್ಕೆ ಮನಸ್ಸಿತ್ತು. ಇಲ್ಲದೇ ಇದ್ದಿದ್ದು ಏನು? ಅಧಿಕಾರ ಪರರ ಕೈಯಲ್ಲಿತ್ತು ಅನ್ನೋದು ಮೊದಲ ಉತ್ತರ, ಅದು ನಿಜ. ನಮಗೆ ಇನ್ನೊಂದೂ ಕಾಣುತ್ತೆ. ಕಾರು ಆಗ ಸಾಹುಕಾರರದ್ದು, ಅಧಿಕಾರಿಗಳದ್ದು. ಇಲ್ಲಿಯ ಕಾರು ನಮಗೆ ಬೇಕು ಅಂತ ಬೀದಿಯಲ್ಲಿ ನಿಂತು ಕೇಳೋ ಸಾವಿರಾರು ಗಿರಾಕಿಗಳು ಆ ಯೋಜನೆಯ ಬೆನ್ನಿಗೆ ಇರಲಿಲ್ಲ.

ಗಿರಾಕಿ ನಿಂತರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲಿ ಹಲವು ರಾಜ್ಯಗಳಲ್ಲಿ ಕಾರು ಕಂಪನಿ ನೇರ ಮಾರುವಂತಿಲ್ಲ, ಡೀಲರ್ ಮೂಲಕವೇ ಮಾರಬೇಕು ಅಂತ ಕಾನೂನಿದೆ. ಡೀಲರ್ ಸಾಲ ಮಾಡಿ ಶೋರೂಮ್ ಹಾಕಿದ ಮೇಲೆ ಕಂಪನಿಯೇ ಪಕ್ಕದಲ್ಲಿ ಅಂಗಡಿ ತೆರೆದು ಅವನನ್ನು ಮುಳುಗಿಸಬಾರದು ಅಂತ ಹುಟ್ಟಿದ ಕಾನೂನು ಅದು, ಅದರಲ್ಲಿ ನ್ಯಾಯ ಇಲ್ಲ ಅನ್ನೋ ಹಾಗಿಲ್ಲ. ಆದರೆ ಟೆಸ್ಲಾ ಕಂಪನಿಗೆ ಡೀಲರುಗಳೇ ಇರಲಿಲ್ಲ. ನ್ಯೂಜೆರ್ಸಿಯಲ್ಲಿ 2014ರ ಮಾರ್ಚ್‌ನಲ್ಲಿ ಅದರ ನೇರ ಮಾರಾಟ ನಿಲ್ಲಿಸೋ ನಿಯಮ ಬಂದಾಗ ಕಾರು ಕೊಂಡಿದ್ದ ಮಾಲೀಕರೇ ಕಂಪನಿಯ ಪರ ದನಿ ಎತ್ತಿದರು. ಒಂದು ವರ್ಷದಲ್ಲಿ, 2015ರ ಮಾರ್ಚ್‌ನಲ್ಲಿ, ನಾಲ್ಕು ಅಂಗಡಿವರೆಗೆ ನೇರ ಮಾರಬಹುದು ಅಂತ ಹೊಸ ಕಾನೂನಾಯ್ತು. ಎಲ್ಲ ಕಡೆ ಹೀಗಾಗಲಿಲ್ಲ. ಟೆಕ್ಸಾಸ್‌ನಲ್ಲಿ 2013ರಲ್ಲಿ ತಂದ ಇಂಥದೇ ಮಸೂದೆ ಪಾಸಾಗಲಿಲ್ಲ.

ನಮ್ಮಲ್ಲಿ ಅಂಥ ಕಾನೂನಿಲ್ಲ. ಬೆಂಗಳೂರಿನಲ್ಲೇ 2001ರಲ್ಲಿ ರೇವಾ ಅನ್ನೋ ಪುಟ್ಟ ಕರೆಂಟ್ ಕಾರು ಬಂತು. ಮೈಸೂರಿನಿಂದ ನಂಜನಗೂಡಿಗೆ ಬರೋ ದಾರಿಯಲ್ಲಿ ಕಡಕೊಳದ ಹತ್ರ ದ್ವಿಚಕ್ರ ವಾಹನದ ಕಾರ್ಖಾನೆಯೇ ಇದೆ. ಗಾಡಿ ಮಾಡೋದು ಈಗ ನಮಗೆ ಕನಸಲ್ಲ. ಉಳಿದಿರೋ ಪ್ರಶ್ನೆ, ಮಾಡಿದವನಿಗೂ ಓಡಿಸೋನಿಗೂ ನಡುವೆ ಯಾರಿರಬೇಕು ಅನ್ನೋದು.

ಟೀ ಅಂಗಡಿಗೆ ವಾಪಸ್ ಬರ್ತೀವಿ. ಅವತ್ತು ಜಗಳವೇ ಆಯ್ತು. ನಂಜನಗೂಡಿನ ಒಬ್ಬರು ಹೇಳಿದ್ರು, ಏಜೆಂಟ್ ಕಮಿಷನ್ ತಿಂದ್ರೂ ಪರವಾಗಿಲ್ಲ, ಗಾಡಿ ಕೆಟ್ಟಾಗ ಅವನ ಅಂಗಡಿ ಮುಂದೆ ಹೋಗಿ ಕೂಗಾಡಬಹುದು, ಮೊಬೈಲ್ ಆ್ಯಪ್ ಮುಂದೆ ಕೂಗಾಡಿದ್ರೆ ಯಾರು ಕೇಳ್ತಾರೆ ಅಂತ. ಎಲ್ರೂ ನಕ್ಕರೂ ಅದಕ್ಕೆ ಎದುರು ಮಾತು ಯಾರ ಹತ್ರಾನೂ ಇರಲಿಲ್ಲ. ಕಡೆಗೆ ಮಾತಾಡಿದವರು ಮೈಸೂರಿಗೆ ಗಾಡಿ ಹೊತ್ತೊಯ್ದಿದ್ದ ನಮ್ಮ ಗೆಳೆಯನ ಅಪ್ಪಾಜಿಯೇ. ನೇರ ಮಾರಾಟ ನಿಲ್ಲಿಸಿ ಅಂತ ಅವರು ಕೇಳಲಿಲ್ಲ. ನೇರ ದುಡ್ಡು ಇಸ್ಕೊಂಡ ಮೇಲೆ ನೇರ ಹೊಣೆಯನ್ನೂ ಹೊರಲಿ, ತಾಲೂಕಿಗೆ ಒಬ್ಬ ಮೆಕ್ಯಾನಿಕ್ ಇಡಲಿ, ಅಷ್ಟೇ ಸಾಕು ಅಂದ್ರು. ಅದನ್ನೇ ಒಂದು ಅರ್ಜಿ ಮಾಡಿ ಎಲ್ಲರೂ ಸಹಿ ಹಾಕಿದ್ರು. ಕನ್ನಡದಲ್ಲಿ ಬರೆದು ಕೊಟ್ಟಿದ್ದು ನಾವು. ಉತ್ತರ ಇನ್ನೂ ಬಂದಿಲ್ಲ.

ಸರ್ ಎಂ.ವಿ. ಅವರಿಗೆ 1955ರಲ್ಲಿ ಭಾರತ ರತ್ನ ಬಂತು. ನೂರು ವರ್ಷ ತುಂಬಿ, 1962ರ ಏಪ್ರಿಲ್ 14ರಂದು ತೀರಿಕೊಂಡರು. ಊರಿನ ಹೆಸರಲ್ಲಿ ಕಾರು ಬರಲಿಲ್ಲ ಅನ್ನೋ ಕೊರಗು ಇದ್ದಿರಬಹುದು. ಆದರೆ ಭದ್ರಾವತಿಯಲ್ಲಿ ಅವರು ಮಾಡಿ ತೋರಿಸಿದ ಪಾಠ ಇವತ್ತಿನ ಗಾಡಿ ಕಂಪನಿಗಳಿಗೂ, ನಾಳೆ ಅಲ್ಲಿ ಕೆಲಸಕ್ಕೆ ಸೇರೋ ನಮಗೂ ಬೇಕು: ಕಟ್ಟಿದವನು ಕೆಟ್ಟಾಗ ಹಾಜರಿರಬೇಕು. ಮುಂದಿನ ಸೆಪ್ಟೆಂಬರ್ 15ಕ್ಕೆ ಹಾರ ಹಾಕೋವಾಗ ಇದೂ ನೆನಪಿರಲಿ. ಅಷ್ಟರಲ್ಲಿ ಅರ್ಜಿಗೆ ಉತ್ತರ ಬಂದಿದ್ರೆ ಇದೇ ಸಂಚಿಕೆಯಲ್ಲಿ ಬರೀತೀವಿ. ಬರದೇ ಇದ್ರೆ ಇನ್ನೊಂದು ಅರ್ಜಿ ಬರೀತೀವಿ.