ಪರ್ತ್ ಆಂಬಾಯ್‌ನ ಒಂದು ಮತ

ಇತಿಹಾಸದಲ್ಲಿ ಯಾರನ್ನಾದರೂ ‘ಮೊದಲಿಗ’ ಎಂದು ಕರೆದಾಗ ನನಗೆ ತುಸು ಅನುಮಾನ ಮೂಡುತ್ತದೆ. ಆ ಬಿರುದಿನ ಹಿಂದೆ ಬಹಳ ಸಲ ಮರೆತುಹೋದ ಇನ್ನೊಬ್ಬರು ಇರುತ್ತಾರೆ. ಆದರೂ ಥಾಮಸ್ ಮಂಡಿ ಪೀಟರ್ಸನ್ ಅವರ ಬದುಕಿನ ಬಗ್ಗೆ ಓದಿದಾಗಲೆಲ್ಲ ಅನುಮಾನವನ್ನು ಬದಿಗಿಟ್ಟು ಅವರ ಹಿಂದೆ ನಡೆಯಬೇಕೆನಿಸುತ್ತದೆ.

ಪೀಟರ್ಸನ್ ಹುಟ್ಟಿದ್ದು 1824ರ ಅಕ್ಟೋಬರ್‌ನಲ್ಲಿ, ಅಮೆರಿಕದ ನ್ಯೂಜೆರ್ಸಿಯ ಮೆಟಚೆನ್ ಎಂಬ ಊರಿನಲ್ಲಿ. ತಂದೆ ಮಂಡಿ ಎಂಬ ಮನೆತನದವರಲ್ಲಿ ಕೆಲಸಕ್ಕಿದ್ದರು; ಮಗನ ಹೆಸರಿನ ನಡುವೆ ಉಳಿದಿರುವುದು ಆ ಒಡೆಯರ ಹೆಸರೇ. ತಾಯಿ ಲೂಸಿ ಒಂದು ಕಾಲದಲ್ಲಿ ಇನ್ನೊಬ್ಬರ ಸ್ವತ್ತಾಗಿದ್ದವರು. ಗುಲಾಮಗಿರಿ ಎಂದರೆ ದಕ್ಷಿಣದ ಹತ್ತಿ ಹೊಲಗಳು ಎಂದಷ್ಟೇ ತಿಳಿದಿರುವ ನಮಗೆ ಇದು ಅಚ್ಚರಿಯಾಗಬಹುದು. ಉತ್ತರದ ನ್ಯೂಜೆರ್ಸಿ 1804ರಲ್ಲಿ ಗುಲಾಮಗಿರಿಯನ್ನು ಹಂತಹಂತವಾಗಿ ತೊಡೆಯುವ ಕಾನೂನು ಮಾಡಿತಾದರೂ ಆ ಹಂತಗಳು ಮುಗಿಯಲು ಅಂತರ್ಯುದ್ಧವೇ ಬೇಕಾಯಿತು. ಪೀಟರ್ಸನ್ ಮುಂದೆ ಬಾಳಿದ ಪರ್ತ್ ಆಂಬಾಯ್ ಪಟ್ಟಣವಂತೂ ವಸಾಹತು ಕಾಲದಲ್ಲಿ ಗುಲಾಮರನ್ನು ಹಡಗಿನಿಂದ ಇಳಿಸುತ್ತಿದ್ದ ಬಂದರು.

ಮತದಾನದ ವಿಷಯದಲ್ಲಿ ಈ ರಾಜ್ಯದ ಚರಿತ್ರೆ ಮತ್ತಷ್ಟು ವಿಚಿತ್ರ. 1776ರ ಅದರ ಸಂವಿಧಾನ ಐವತ್ತು ಪೌಂಡ್ ಆಸ್ತಿಯುಳ್ಳ ನಿವಾಸಿಗಳಿಗೆಲ್ಲ ಮತ ನೀಡಿತ್ತು. ಬಣ್ಣದ ಪ್ರಸ್ತಾಪವಿರಲಿಲ್ಲ, ಹೆಣ್ಣು ಗಂಡೆಂಬ ಭೇದವೂ ಇರಲಿಲ್ಲ. ಆಸ್ತಿಯಿದ್ದ ಕೆಲವು ಮಹಿಳೆಯರೂ ಸ್ವತಂತ್ರ ಕರಿಯರೂ ಮತ ಹಾಕಿದ್ದರು. 1807ರಲ್ಲಿ ಶಾಸನಸಭೆ ಅದನ್ನು ಬಿಳಿಯ ಪುರುಷರಿಗಷ್ಟೇ ಸೀಮಿತಗೊಳಿಸಿತು. ಹಕ್ಕು ಎಂಬುದು ಒಮ್ಮೆ ಬಂದರೆ ಉಳಿದೇ ಉಳಿಯುತ್ತದೆ ಎಂದು ನಂಬುವವರು ಈ ಒಂದು ಕಾನೂನನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಜನಾಂಗ, ಬಣ್ಣ ಅಥವಾ ಹಿಂದಿನ ಗುಲಾಮಗಿರಿಯ ಕಾರಣಕ್ಕೆ ಯಾರಿಗೂ ಮತ ನಿರಾಕರಿಸಬಾರದೆಂಬ ಹದಿನೈದನೆಯ ತಿದ್ದುಪಡಿ ಜಾರಿಗೆ ಬಂತೆಂದು ಅಧಿಕೃತವಾಗಿ ಘೋಷಣೆಯಾದದ್ದು 1870ರ ಮಾರ್ಚ್ 30ರಂದು. ನ್ಯೂಜೆರ್ಸಿ ಆ ತಿದ್ದುಪಡಿಯನ್ನು ಅದೇ ಫೆಬ್ರವರಿಯಲ್ಲಿ ತಿರಸ್ಕರಿಸಿತ್ತು. ಒಪ್ಪಿಕೊಂಡದ್ದು ಮುಂದಿನ ವರ್ಷ. ಅಂದರೆ ಪೀಟರ್ಸನ್ ಅವರಿಗೆ ಮತ ದೊರೆತದ್ದು ತಮ್ಮದೇ ರಾಜ್ಯದ ಇಚ್ಛೆಗೆ ವಿರುದ್ಧವಾಗಿ.

ಘೋಷಣೆಯ ಮರುದಿನ, ಮಾರ್ಚ್ 31ರಂದು, ಪರ್ತ್ ಆಂಬಾಯ್‌ನಲ್ಲಿ ಒಂದು ಸ್ಥಳೀಯ ಮತದಾನ ನಿಗದಿಯಾಗಿತ್ತು. ಪಟ್ಟಣದ ಸನ್ನದನ್ನು ಪರಿಷ್ಕರಿಸಬೇಕೇ, ಅಥವಾ ಅದನ್ನು ಕೈಬಿಟ್ಟು ಬೇರೆ ಬಗೆಯ ಆಡಳಿತಕ್ಕೆ ಹೋಗಬೇಕೇ ಎಂಬುದು ಪ್ರಶ್ನೆ. ಅಧ್ಯಕ್ಷರ ಆಯ್ಕೆಯಲ್ಲ, ಯುದ್ಧ ಶಾಂತಿಗಳ ತೀರ್ಮಾನವೂ ಅಲ್ಲ. ನಲವತ್ತೈದರ ಪೀಟರ್ಸನ್ ಆ ಬೆಳಿಗ್ಗೆ ಎಂದಿನಂತೆ ಒಬ್ಬರಲ್ಲಿ ಕೆಲಸ ಮಾಡುತ್ತಿದ್ದರು. ಮತ ಹಾಕುವ ಯೋಚನೆಯೇ ಅವರಿಗೆ ಬಂದಿರಲಿಲ್ಲ. ಕೆಲಸ ಕೊಟ್ಟವರು ನೆನಪಿಸಿದರು. ದಾರಿಯಲ್ಲಿ ಸಿಕ್ಕ ಇನ್ನೊಬ್ಬರೂ ಹೋಗಿ ಹಕ್ಕು ಚಲಾಯಿಸುವಂತೆ ಹೇಳಿದರು. ಅವರು ಪುರಭವನಕ್ಕೆ ಹೋದರು, ಪರಿಷ್ಕರಣೆಯ ಪರವಾಗಿ ಚೀಟಿ ಹಾಕಿದರು. ಫಲಿತಾಂಶ 230ಕ್ಕೆ 63. ಅವರ ಒಂದು ಮತದಿಂದ ಅಲ್ಲಿ ಏನೂ ಬದಲಾಗಲಿಲ್ಲ.

ನನಗೆ ಇಷ್ಟವಾಗುವುದು ಈ ಸಾಧಾರಣತೆಯೇ. ಮಹತ್ವದ ಕ್ಷಣವೆಂಬ ಅರಿವಿಲ್ಲದೆ, ಊರಿನ ಆಡಳಿತದ ಬಗ್ಗೆ ತನಗೂ ಒಂದು ಅಭಿಪ್ರಾಯವಿದೆಯೆಂದು ಹೋಗಿ ಹೇಳಿ ಬಂದ ಮನುಷ್ಯ ಅವರು. ಊರಿನವರು ಆ ಅಭಿಪ್ರಾಯಕ್ಕೆ ಬೆಲೆ ಕೊಟ್ಟರೆಂಬುದೂ ಗಮನಾರ್ಹ: ಸನ್ನದನ್ನು ತಿದ್ದಲು ನೇಮಿಸಿದ ಏಳು ಜನರ ಸಮಿತಿಯಲ್ಲಿ ಪೀಟರ್ಸನ್ ಒಬ್ಬರಾದರು. ಮುಂದೆ ಆ ಪಟ್ಟಣದ ನ್ಯಾಯದರ್ಶಿ ಮಂಡಳಿಯಲ್ಲಿ ಕುಳಿತ ಮೊದಲ ಕರಿಯರೂ ಅವರೇ. ಜೀವನೋಪಾಯಕ್ಕೆ ಮಾತ್ರ ಊರಿನ ಶಾಲೆಯೊಂದರ ಜವಾನಿಕೆ ಮತ್ತು ಸಣ್ಣಪುಟ್ಟ ರಿಪೇರಿ ಕೆಲಸ.

ಈಗ ‘ಮೊದಲಿಗ’ನ ಪ್ರಶ್ನೆ. ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಲ್ಲಿ ಕರಿಯರು ಬಹಳ ಮೊದಲೇ ಮತ ಹಾಕುತ್ತಿದ್ದರು. 1867ರ ನಂತರ, ಸೋತ ದಕ್ಷಿಣದ ರಾಜ್ಯಗಳಲ್ಲಿ ಬಿಡುಗಡೆಗೊಂಡ ಗುಲಾಮರು ಲಕ್ಷಗಟ್ಟಲೆ ಮತ ಹಾಕಿದ್ದರು. ಪೀಟರ್ಸನ್ ಮೊದಲಿಗರೆಂದರೆ ಹದಿನೈದನೆಯ ತಿದ್ದುಪಡಿಯ ಬಲದಿಂದ ಮತ ಹಾಕಿದವರಲ್ಲಿ ಮೊದಲಿಗರು ಎಂದಷ್ಟೇ ಅರ್ಥ. ಆ ‘ಅಷ್ಟೇ’ ಸಣ್ಣದಲ್ಲ. ಅವರೆಲ್ಲ ಆಯಾ ರಾಜ್ಯದ ಔದಾರ್ಯದಿಂದಲೋ ಸೈನ್ಯದ ಕಾವಲಿನಲ್ಲೋ ಮತ ಹಾಕಿದ್ದರೆ, ಇವರು ಹಾಕಿದ್ದು ಇಡೀ ದೇಶದ ಸಂವಿಧಾನದ ಆಧಾರದ ಮೇಲೆ. (ಹೆಂಗಸರಿಗೆ ಇಂಥದೇ ರಕ್ಷಣೆ ಸಿಗಲು 1920ರವರೆಗೆ ಕಾಯಬೇಕಾಯಿತು.)

1884ರಲ್ಲಿ ಪರ್ತ್ ಆಂಬಾಯ್‌ನ ನಾಗರಿಕರು ಎಪ್ಪತ್ತು ಡಾಲರ್ ಚಂದಾ ಎತ್ತಿ ಚಿನ್ನದ ಪದಕವೊಂದನ್ನು ಮಾಡಿಸಿ ಅವರಿಗೆ ಅರ್ಪಿಸಿದರು. ಅದರ ಒಂದು ಮುಖದಲ್ಲಿ ಲಿಂಕನ್. ಕೋಟು ತೊಟ್ಟು, ಎದೆಯ ಮೇಲೆ ಆ ಪದಕ ಧರಿಸಿ ತೆಗೆಸಿಕೊಂಡ ಭಾವಚಿತ್ರವೊಂದು ಉಳಿದಿದೆ. ಪದಕವಿಲ್ಲದೆ ಹೊರಟರೆ ಉಡುಪು ಪೂರ್ತಿಯಾಗಲಿಲ್ಲವೆಂದು ಅವರಿಗೆ ಅನಿಸುತ್ತಿತ್ತಂತೆ.

ಅತ್ತ ದಕ್ಷಿಣದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸತೊಡಗಿತ್ತು. 1890ರಲ್ಲಿ ಮಿಸಿಸಿಪ್ಪಿ ತನ್ನ ಸಂವಿಧಾನವನ್ನೇ ಹೊಸದಾಗಿ ಬರೆದು ತಲೆಗಂದಾಯ, ಅಕ್ಷರ ಪರೀಕ್ಷೆಗಳನ್ನು ತಂದಿತು. ತಿದ್ದುಪಡಿಯ ಮಾತನ್ನು ಮುರಿಯದೆ, ಬಣ್ಣದ ಹೆಸರನ್ನೇ ಎತ್ತದೆ, ಕರಿಯರನ್ನು ಪಟ್ಟಿಯಿಂದ ಹೊರಗಿಡುವ ಉಪಾಯ. ಉಳಿದ ರಾಜ್ಯಗಳು ಹಿಂಬಾಲಿಸಿದವು. ಲೂಯಿಸಿಯಾನದಲ್ಲಿ 1896ರಲ್ಲಿ 1,30,334 ಕರಿಯ ಮತದಾರರು ನೋಂದಾಯಿತರಾಗಿದ್ದರು. 1904ರಲ್ಲಿ ಉಳಿದವರು 1,342. ಅದನ್ನು ಸರಿಪಡಿಸುವ ಮತದಾನ ಹಕ್ಕು ಕಾಯ್ದೆ ಬಂದದ್ದು 1965ರಲ್ಲಿ. ಅದರ ಒಂದು ಮುಖ್ಯ ಭಾಗವನ್ನು ಸುಪ್ರೀಂ ಕೋರ್ಟ್ 2013ರಲ್ಲಿ ನಿಷ್ಕ್ರಿಯಗೊಳಿಸಿತು.

ಪೀಟರ್ಸನ್ ತೀರಿಕೊಂಡದ್ದು ಅದೇ 1904ರ ಫೆಬ್ರವರಿಯಲ್ಲಿ. ಸಮಾಧಿ ಪರ್ತ್ ಆಂಬಾಯ್‌ನ ಸೇಂಟ್ ಪೀಟರ್ಸ್ ಚರ್ಚಿನ ಅಂಗಳದಲ್ಲಿದೆ. ಅವರು ಜವಾನರಾಗಿದ್ದ ಶಾಲೆಗೆ 1989ರಲ್ಲಿ ಅವರ ಹೆಸರನ್ನೇ ಇಡಲಾಯಿತು. ಪದಕ ಮಾತ್ರ ಊರು ಬಿಟ್ಟು ದೂರ ಹೋಗಿ, ಕರಿಯರ ಶಿಕ್ಷಣಕ್ಕಾಗಿ ಸ್ಥಾಪಿತವಾದ ಝೇವಿಯರ್ ವಿಶ್ವವಿದ್ಯಾಲಯದ ಪಾಲಾಯಿತು. ಆ ವಿಶ್ವವಿದ್ಯಾಲಯ ಇರುವುದು ನ್ಯೂ ಆರ್ಲಿಯನ್ಸ್‌ನಲ್ಲಿ, ಲೂಯಿಸಿಯಾನ ರಾಜ್ಯದಲ್ಲಿ.