ಕಸೂತಿ ಕಲಿತ ವೈದ್ಯ

ಬೈಕಿನಿಂದ ಬಿದ್ದವನ ಹೊಟ್ಟೆಗೆ ಹ್ಯಾಂಡಲ್ ಬಡಿದಿರುತ್ತದೆ. ಹೊರಗೆ ಗಾಯವೇ ಕಾಣುವುದಿಲ್ಲ. ಒಳಗೆ ದೊಡ್ಡ ಅಭಿಧಮನಿಯೊಂದು ಹರಿದಿದ್ದರೆ ಜೀವಕ್ಕೇ ಅಪಾಯ. ಇಂದು ವೈದ್ಯರು ಹೊಟ್ಟೆ ತೆರೆದು, ಹರಿದ ಜಾಗವನ್ನು ಒತ್ತಿ ಹಿಡಿದು ರಕ್ತ ನಿಲ್ಲಿಸಿ, ಬಳಿಕ ಸಣ್ಣ ದಾರದಿಂದ ಹೊಲಿಯುತ್ತಾರೆ. ಎಲ್ಲರೂ ಉಳಿಯುವುದಿಲ್ಲ, ನಿಜ. ಆದರೆ ಒಂದು ಕಾಲದಲ್ಲಿ ಆ ಆಸೆಯೂ ಇರಲಿಲ್ಲ. ಈ ಹೊಲಿಗೆಗೆ ದಾರಿ ಮಾಡಿಕೊಟ್ಟವರಲ್ಲಿ ಪ್ರಮುಖರು ಫ್ರಾನ್ಸಿನ ಡಾ. ಅಲೆಕ್ಸಿಸ್ ಕ್ಯಾರೆಲ್.

ಅವರು 1873ರಲ್ಲಿ ಲಿಯೋನ್ ನಗರದ ಬಳಿ ಕಥೋಲಿಕ ಕುಟುಂಬದಲ್ಲಿ ಹುಟ್ಟಿದರು. 1894ರ ಜೂನ್ 24ರಂದು ಲಿಯೋನ್‌ಗೆ ಬಂದಿದ್ದ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಅವರಿಗೆ ಹಂತಕನೊಬ್ಬ ಚೂರಿ ಹಾಕಿದ. ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಅಭಿಧಮನಿಗೇ ಪೆಟ್ಟು ಬಿದ್ದಿತ್ತು. ವೈದ್ಯರು ಸುತ್ತ ನಿಂತಿದ್ದಂತೆಯೇ, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಅವರು ತೀರಿಕೊಂಡರು. ಅಂಥ ನಾಳವನ್ನು ಭರವಸೆಯಿಂದ ಹೊಲಿಯುವ ವಿಧಾನ ಯಾರ ಬಳಿಯೂ ಇರಲಿಲ್ಲ. ಆಗ ಆ ಊರಿನಲ್ಲೇ ವೈದ್ಯ ವಿದ್ಯಾರ್ಥಿಯಾಗಿದ್ದ ಕ್ಯಾರೆಲ್‌ಗೆ ಇದು ತಲೆಯಲ್ಲಿ ಕೊರೆಯತೊಡಗಿತು.

ಕ್ಯಾರೆಲ್ ಹೋದದ್ದು ಯಾರ ಬಳಿಗೆ ಗೊತ್ತೇ? ರೇಷ್ಮೆಗೆ ಹೆಸರಾದ ಆ ಊರಿನ ಕಸೂತಿ ಕೆಲಸದ ಮಹಿಳೆಯ ಬಳಿಗೆ! ಅಭಿಧಮನಿಯ ಗೋಡೆ ಬಲು ತೆಳು, ಬಿಗಿದರೆ ಹರಿಯುತ್ತದೆ. ಅಂಚು ಒಳಕ್ಕೆ ಮಡಚಿಕೊಂಡರೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅದಕ್ಕೆ ಬೇಕಾದ ನವಿರಾದ ಕೈಗಾರಿಕೆ ಆಕೆಯಲ್ಲಿತ್ತು. 1902ರಲ್ಲಿ ಅವರು ತಮ್ಮ ವಿಧಾನವನ್ನು ಪ್ರಕಟಿಸಿದರು. ತುಂಡಾದ ನಾಳದ ಎರಡು ತುದಿಗಳನ್ನು ಮೂರು ಕಡೆ ದಾರ ಹಾಕಿ ಕೂಡಿಸಿ ಎಳೆದರೆ, ದುಂಡನೆಯ ಬಾಯಿ ತ್ರಿಕೋನವಾಗುತ್ತದೆ. ಮೂರು ನೇರ ಅಂಚುಗಳು! ಬಟ್ಟೆ ಹೊಲಿಯುವ ಯಾವ ತಾಯಿಗೂ ಇದು ತಕ್ಷಣ ಅರ್ಥವಾದೀತು.

ಅದೇ ವರ್ಷ ರೋಗಿಗಳೊಂದಿಗೆ ಲೂರ್ದಿಗೆ ಹೋದ ಅವರು, ಹೊಟ್ಟೆ ಉಬ್ಬಿ ಸಾಯುವ ಸ್ಥಿತಿಯಲ್ಲಿದ್ದ ಮರಿ ಬೈಯಿ ಎಂಬ ಯುವತಿ ಚೇತರಿಸಿಕೊಂಡದ್ದನ್ನು ಕಣ್ಣಾರೆ ಕಂಡರು. ಕಂಡದ್ದನ್ನು ಮುಚ್ಚಿಡಲಿಲ್ಲ, ಪವಾಡವೆಂದು ಸಾರಲೂ ಇಲ್ಲ. ವೈದ್ಯರೂ ಮುನಿದರು, ಭಕ್ತರೂ ಮುನಿದರು. 1904ರಲ್ಲಿ ಕೆನಡಾಕ್ಕೂ ಅಲ್ಲಿಂದ ಅಮೆರಿಕಕ್ಕೂ ಹೋದರು. ನಾಳಗಳ ಹೊಲಿಗೆ ಮತ್ತು ಅಂಗಗಳ ಕಸಿಯ ಕೆಲಸಕ್ಕಾಗಿ 1912ರಲ್ಲಿ ನೊಬೆಲ್ ಬಹುಮಾನ ಬಂತು.

ಇನ್ನೊಂದನ್ನೂ ಹೇಳಲೇಬೇಕು. 1935ರ ತಮ್ಮ ಪುಸ್ತಕದಲ್ಲಿ ಅವರು ಕೆಲವು ಅಪರಾಧಿಗಳನ್ನು ವಿಷಾನಿಲದಿಂದ ಕೊಲ್ಲಬಹುದೆಂದು ಬರೆದರು. ಕೂದಲೆಳೆಯಷ್ಟು ದಾರದಿಂದ ಜೀವ ಉಳಿಸಲು ಹೊರಟ ಕೈಯೇ ಇದನ್ನೂ ಬರೆಯಿತಲ್ಲ! ಅವರ ಅಭಿಮಾನಿಗಳು ಈ ಪುಟವನ್ನು ಹಾರಿಸಿ ಓದುವುದು ನನಗೆ ಸರಿಕಾಣುವುದಿಲ್ಲ.

ಕೊನೆಗಾಲದಲ್ಲಿ ಅವರು ಧರ್ಮಸಭೆಗೆ ಮರಳಿದರು. 1944ರ ನವೆಂಬರ್ 5ರಂದು, ಅಂತಿಮ ಸಂಸ್ಕಾರಗಳನ್ನು ಪಡೆದು, ಪ್ಯಾರಿಸ್‌ನಲ್ಲಿ ಕಣ್ಮುಚ್ಚಿದರು.