ಮನೆಯಷ್ಟೇ ಉಳಿದ ವಾಸ್ತುಶಿಲ್ಪಿ

ಮಾಸ್ಕೋದ ಅರ್ಬಾತ್ ಬೀದಿಯ ಹಿಂದಿನ ಓಣಿಯೊಂದರಲ್ಲಿ ವಿಚಿತ್ರವಾದ ಮನೆಯೊಂದಿದೆ. ಒಂದರೊಳಗೊಂದು ಹೊಕ್ಕ ಎರಡು ಸಿಲಿಂಡರುಗಳು. ಬಿಳಿಯ ದುಂಡು ಗೋಡೆಯಲ್ಲಿ ಜೇನುಗೂಡಿನ ಕಣ್ಣುಗಳಂತೆ ಸುಮಾರು 60 ಆರು ಮೂಲೆಯ ಕಿಟಕಿಗಳು. ಮುಂಭಾಗದ ದೊಡ್ಡ ಗಾಜಿನ ಮೇಲೆ ಒಡೆಯನ ಹೆಸರಿದೆ: ಕಾನ್‌ಸ್ತಂತಿನ್ ಮೆಲ್ನಿಕೋವ್. ಜೊತೆಗೆ ವೃತ್ತಿಯೂ ಇದೆ: ವಾಸ್ತುಶಿಲ್ಪಿ. ಆ ಮನೆಯ ಚಿತ್ರ ನೋಡಿದಾಗಲೆಲ್ಲ ನನ್ನನ್ನು ಕಾಡುವುದು ಆ ಕೊನೆಯ ಪದವೇ. ಏಕೆಂದರೆ ಅದರಡಿ ಬದುಕಿದ ವ್ಯಕ್ತಿಗೆ ಆಯುಷ್ಯದ ಕೊನೆಯ ಮೂರೂವರೆ ದಶಕಗಳಲ್ಲಿ ಆ ವೃತ್ತಿಯೇ ಹೆಚ್ಚುಕಡಿಮೆ ನಿಷಿದ್ಧವಾಗಿತ್ತು.

ಮೆಲ್ನಿಕೋವ್ 1890ರಲ್ಲಿ ಮಾಸ್ಕೋದ ಹೊರವಲಯದ ಬಡ ಕುಟುಂಬದಲ್ಲಿ ಹುಟ್ಟಿದರು. ಕಚೇರಿಯ ಕೆಲಸಕ್ಕೆ ಸೇರಿದ ಹುಡುಗನ ಪ್ರತಿಭೆಯನ್ನು ವ್ಲಾದಿಮಿರ್ ಚಾಪ್ಲಿನ್ ಎಂಬ ಎಂಜಿನಿಯರ್ ಗುರುತಿಸಿ ಓದಿಸಿದರು. ಕ್ರಾಂತಿಯ ನಂತರದ ವರ್ಷಗಳು ಅವರವೇ ಆಗಿದ್ದವು. 1924ರಲ್ಲಿ ಲೆನಿನ್ ಪಾರ್ಥಿವ ಶರೀರಕ್ಕೆ ಗಾಜಿನ ಪೆಟ್ಟಿಗೆಯನ್ನು ರೂಪಿಸಿದರು. 1925ರ ಪ್ಯಾರಿಸ್ ಪ್ರದರ್ಶನದ ಸೋವಿಯತ್ ಮಂಟಪ ಅವರನ್ನು ವಿಶ್ವಖ್ಯಾತರನ್ನಾಗಿಸಿತು. ಅದರ ಫಲವಾಗಿ, ಖಾಸಗಿ ಒಡೆತನವೇ ಅಪರಾಧವೆನಿಸಿದ್ದ ಕಾಲದಲ್ಲೂ, ನಗರದ ನಡುಮಧ್ಯೆ ತಮ್ಮದೇ ಮನೆ ಕಟ್ಟಿಕೊಳ್ಳಲು ಅವರಿಗೆ ನಿವೇಶನ ದೊರೆಯಿತು. ಅದಕ್ಕೆ ಪ್ರಯೋಗದ ಹೆಸರಿತ್ತು: ಯಶಸ್ವಿಯಾದರೆ ಕಾರ್ಮಿಕರ ವಸತಿಗೂ ಅದೇ ವಿಧಾನ ಒದಗುತ್ತಿತ್ತು.

1927ರಿಂದ 1929ರ ನಡುವೆ ಎದ್ದುನಿಂತ ಆ ಮನೆಯ ಚಾತುರ್ಯ ಬಡತನದ ಚಾತುರ್ಯವಾಗಿತ್ತು. ಇಟ್ಟಿಗೆಗಳನ್ನು ಜೇನುಹುಟ್ಟಿನಂತೆ ಪೇರಿಸಿದಾಗ ಸಾಮಗ್ರಿ ಉಳಿಯಿತು, ಗೋಡೆಗೆ ಬಲವೂ ಬಂತು. ಬೇಡದ ರಂಧ್ರಗಳನ್ನು ಕಟ್ಟಡದ ತ್ಯಾಜ್ಯದಿಂದ ತುಂಬಿದರು. ಬೇಕೆಂದಾಗ ಅವನ್ನು ತೆರೆದು ಕಿಟಕಿಯಾಗಿಸಬಹುದಿತ್ತು. ಮಹಡಿಗಳಿಗೆ ಕಂಬಗಳಿಲ್ಲ; ಹಲಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಚೌಕಚೌಕವಾಗಿ ಹೆಣೆದ ಜಾಲವೇ ಭಾರವನ್ನು ಹೊತ್ತಿದೆ. ಮಲಗುವ ಕೋಣೆ ಒಂದೇ. ಹೆಂಡತಿ ಅನ್ನಾ, ಮಕ್ಕಳಾದ ಲ್ಯುದ್ಮಿಲಾ ಮತ್ತು ವಿಕ್ತೋರ್ ಎಲ್ಲರಿಗೂ ಅದೇ ನಿದ್ರೆಯ ಮಂದಿರ. ನಿದ್ರೆ ಮನುಷ್ಯನನ್ನು ಗುಣಪಡಿಸಬಲ್ಲದು ಎಂಬುದು ಮೆಲ್ನಿಕೋವರ ಗಾಢ ನಂಬಿಕೆ.

ಅಷ್ಟರಲ್ಲಿ ಪ್ರಭುತ್ವದ ಅಭಿರುಚಿ ಬದಲಾಯಿತು. ಸ್ತಾಲಿನ್‌ನ ಆಡಳಿತಕ್ಕೆ ಕಂಬಸಾಲುಗಳ ಭವ್ಯತೆ ಬೇಕಿತ್ತು. 1930ರ ದಶಕದ ನಡುಭಾಗದಿಂದ ಮೆಲ್ನಿಕೋವರ ಮೇಲೆ ರೂಪವಾದಿ ಎಂಬ ಆರೋಪ ಹೊರಿಸಲಾಯಿತು. 1937ರ ವಾಸ್ತುಶಿಲ್ಪಿಗಳ ಸಮ್ಮೇಳನದ ಹೊತ್ತಿಗೆ ಅವರು ವೃತ್ತಿಲೋಕದಿಂದ ಹೊರಗಾಗಿದ್ದರು. ಆಮೇಲೆ ಅವರ ನಕ್ಷೆಯ ಮಹತ್ವದ ಕಟ್ಟಡವೊಂದೂ ಮೇಲೇಳಲಿಲ್ಲ. ಬದುಕಿಗಾಗಿ ಭಾವಚಿತ್ರಗಳನ್ನು ಬರೆದರು, ಪಾಠ ಹೇಳಿದರು. 1941ರಲ್ಲಿ ಸಮೀಪದ ರಂಗಮಂದಿರದ ಮೇಲೆ ಬಾಂಬ್ ಬಿದ್ದಾಗ ಮನೆಯ ಗಾಜುಗಳು ಒಡೆದುಹೋದವು. ಕುಟುಂಬ ಮಾತ್ರ ಮನೆಯನ್ನು ಬಿಡಲಿಲ್ಲ. ಸ್ಪರ್ಧೆಗಳಿಗೆ ನಕ್ಷೆ ಕಳುಹಿಸುವುದನ್ನೂ ಮೆಲ್ನಿಕೋವ್ ಬಿಡಲಿಲ್ಲ, ಯಾವುದೂ ಕಟ್ಟಡವಾಗಲಿಲ್ಲ. 1972ರಲ್ಲಿ ಗೌರವ ಬಿರುದೊಂದು ಬಂತು. ಎರಡು ವರ್ಷಗಳ ನಂತರ ತೀರಿಕೊಂಡರು.

ಇಲ್ಲಿ ನನ್ನನ್ನು ಚುಚ್ಚುವ ಸಂಗತಿಯೊಂದಿದೆ. ಮೆಲ್ನಿಕೋವ್ ಪ್ರಭುತ್ವದ ವಿರೋಧಿಯಾಗಿರಲಿಲ್ಲ. ಆ ಕ್ರಾಂತಿಗೆ ರೂಪ ಕೊಟ್ಟವರಲ್ಲಿ ಅವರೂ ಒಬ್ಬರು. ಒಂದು ಶೈಲಿಯನ್ನು ಅಧಿಕೃತವೆಂದು ಸಾರಿದ ದಿನ, ಅದರಾಚೆ ನಿಂತವನ ನಿಷ್ಠೆ ಲೆಕ್ಕಕ್ಕೆ ಬರುವುದಿಲ್ಲ. ಅವರಿಗೆ ಸೆರೆವಾಸವಾಗಲಿಲ್ಲ, ದೇಶಭ್ರಷ್ಟತೆಯೂ ಬರಲಿಲ್ಲ. ಕೆಲಸ ಮಾತ್ರ ಇಲ್ಲವಾಯಿತು. ಕಲಾವಿದನ ಪಾಲಿಗೆ ಇದು ಸಣ್ಣ ಶಿಕ್ಷೆಯೆಂದು ನನಗೆ ಅನ್ನಿಸುವುದಿಲ್ಲ.

ಚಿತ್ರಕಾರನಾದ ಮಗ ವಿಕ್ತೋರ್ 2006ರಲ್ಲಿ ತೀರಿಕೊಳ್ಳುವವರೆಗೂ ಆ ಮನೆಯನ್ನು ವಸ್ತುಸಂಗ್ರಹಾಲಯವಾಗಿಸಲು ಹೆಣಗಿದರು. ಕುಟುಂಬದ ವ್ಯಾಜ್ಯಗಳ ನಡುವೆಯೇ 2014ರಲ್ಲಿ ಅದು ಸಾಧ್ಯವಾಯಿತು. ಬಾಗಿಲು ಜನರಿಗೆ ತೆರೆದದ್ದು ಒಳ್ಳೆಯದೇ. ಆದರೆ ಅಲ್ಲಿಗೆ ಬಂದವರು ನೋಡುವುದು ಕಟ್ಟಿದ್ದನ್ನು ಮಾತ್ರ. ಮೂರೂವರೆ ದಶಕಗಳಲ್ಲಿ ಕಟ್ಟದೆ ಉಳಿದದ್ದಕ್ಕೆ ಯಾವ ಸಂಗ್ರಹಾಲಯವೂ ಇಲ್ಲ.